ನೀರಿನ ಪೈಪ್‌ಲೈನ್ ಸುರಕ್ಷತೆ, ನಿರ್ವಹಣೆ ತರಬೇತಿ: ಮೈಸೂರು, ಮಂಡ್ಯದ ನೀರುಗಂಟಿಗಳು ಮತ್ತು ವಾಲ್ವ್‌ಮನ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಲ್ಲಿಗೆ ಬರುವ ಕಾವೇರಿ ನೀರು ಹೊಂಗಳ್ಳಿ, ಬೆಳಗೊಳ, ಮೇಳಾಪುರದಿಂದ ಬರುತ್ತದೆ. ಕಬಿನಿ ನೀರು ಬಿದರಗೂಡಿನಿಂದ. ಬೆಂಗಳೂರಿಗೆ ಹೋಗುವ ಕಾವೇರಿ ನೀರು ಕೂಡ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಹೊರಡುತ್ತದೆ. ಅಂದರೆ ನಮ್ಮ ನೆಲದಡಿ ಓಡುವ ಪೈಪುಗಳ ಮೇಲೆ ಕೋಟಿಗೂ ಮೀರಿದ ಜನ ಬದುಕಿದ್ದಾರೆ. ಆ ಪೈಪು, ಆ ವಾಲ್ವ್, ಆ ಪಂಪು ನೋಡಿಕೊಳ್ಳುವವರ ಜೊತೆ ತರಬೇತಿಯಲ್ಲಿ ಕೂತಾಗ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಸಾಲು ಸಾಕು.

ಈ ತರಬೇತಿ ಯಾರಿಗೆ?

ಪಂಚಾಯಿತಿ ನೀರುಗಂಟಿಗಳಿಗೆ, ನಗರದ ವಾಲ್ವ್‌ಮನ್‌ಗಳಿಗೆ, ಪಂಪ್ ಆಪರೇಟರ್‌ಗಳಿಗೆ, ಪೈಪ್ ರಿಪೇರಿ ಮಾಡುವ ಗುತ್ತಿಗೆ ಪ್ಲಂಬರ್‌ಗಳಿಗೆ, ಗುಂಡಿ ತೆಗೆಯುವ ಕೂಲಿಯವರಿಗೆ. ಹೌದು, ಗುಂಡಿ ತೆಗೆಯುವವರಿಗೂ. ಅವರನ್ನು ಬಿಟ್ಟು ಎಂಜಿನಿಯರ್‌ಗಳಿಗೆ ಮಾತ್ರ ತರಬೇತಿ ಕೊಟ್ಟರೆ ಪ್ರಯೋಜನ ಕಡಿಮೆ. ಏಕೆಂದರೆ ಗುಂಡಿಯಲ್ಲಿ ಇರುವವರು ಅವರೇ.

ಇಪ್ಪತ್ತು ವರ್ಷದಿಂದ ವಾಲ್ವ್ ತಿರುಗಿಸುತ್ತಿದ್ದೇನೆ. ನನಗೆ ಹೊಸದಾಗಿ ಏನು ಹೇಳಿಕೊಡುತ್ತೀರಿ?

ನಿಮ್ಮೂರಿನ ಯಾವ ವಾಲ್ವ್ ಬಿಗಿ, ಯಾವ ಬೀದಿಗೆ ನೀರು ಕೊನೆಗೆ ಏರುತ್ತದೆ ಅನ್ನೋದು ನಿಮಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ಕಲಿಸಲು ಯಾರೂ ಬರುವುದಿಲ್ಲ, ಅದು ನಮಗೆ ನೀವು ಕಲಿಸುವ ವಿಷಯ. ತರಬೇತಿ ಕೊಡುವುದು ಬೇರೆ ಎರಡು ಸಂಗತಿ. ಪೈಪಿನ ಒಳಗೆ ಕಣ್ಣಿಗೆ ಕಾಣದೆ ಏನು ನಡೆಯುತ್ತಿದೆ ಅನ್ನೋದು ಒಂದು. ಇಷ್ಟು ವರ್ಷ ಏನೂ ಆಗಿಲ್ಲ ಅಂತ ನಾವು ಮಾಡಿಕೊಂಡು ಬಂದಿರುವ ಕೆಲಸಗಳಲ್ಲಿ ಯಾವುದು ಜೀವ ತೆಗೆಯಬಹುದು ಅನ್ನೋದು ಇನ್ನೊಂದು.

ನಾನು ಎಲ್ಲರಿಗೂ ಮೊದಲು ಹೇಳುವ ಮಾತು ಇದು. ಪೈಪಿನಲ್ಲಿ ನೀರು ಸಮವಾಗಿ ಓಡುತ್ತಿರುವಾಗ ಅಪಾಯ ಕಡಿಮೆ. ನೀರು ನಿಲ್ಲಿಸುವಾಗ, ನಿಂತಿರುವಾಗ, ಮತ್ತೆ ಬಿಡುವಾಗ ಅಪಾಯ ಜಾಸ್ತಿ. ನಮ್ಮ ಕಡೆ ದಿನಕ್ಕೆ ಒಂದೆರಡು ಗಂಟೆ, ಕೆಲವು ಕಡೆ ದಿನ ಬಿಟ್ಟು ದಿನ ನೀರು ಬಿಡುತ್ತೇವೆ ಅಲ್ವಾ, ಹಾಗಾಗಿ ಆ ಅಪಾಯದ ಗಳಿಗೆ ನಮಗೆ ದಿನಾ ಬರುತ್ತದೆ. ಕೆಳಗಿನ ಹಲವು ಉತ್ತರಗಳು ಇದರ ಸುತ್ತಲೇ ಇವೆ.

ವಾಲ್ವ್ ನಿಧಾನಕ್ಕೆ ತಿರುಗಿಸಿ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ನಿಧಾನ? ಯಾಕೆ?

ಓಡುತ್ತಿರುವ ನೀರಿಗೆ ತೂಕವಿದೆ, ವೇಗವಿದೆ. ಅದನ್ನು ತಟ್ಟನೆ ನಿಲ್ಲಿಸಿದರೆ ಆ ರಭಸವೆಲ್ಲ ಒತ್ತಡವಾಗಿ ಪೈಪಿನ ಗೋಡೆಗೆ ಬೀಳುತ್ತದೆ. ಇದನ್ನೇ ವಾಟರ್ ಹ್ಯಾಮರ್ ಅನ್ನುವುದು. ಲೆಕ್ಕ ನೋಡಿ: ಡಿಐ (ಡಕ್ಟೈಲ್ ಐರನ್) ಅಥವಾ ಬೇರೆ ಕಬ್ಬಿಣದ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಓಡುವ ನೀರನ್ನು ಒಮ್ಮೆಲೇ ನಿಲ್ಲಿಸಿದರೆ ಮಾಮೂಲಿ ಒತ್ತಡದ ಮೇಲೆ ಇನ್ನೂ ಸುಮಾರು 100 ಮೀಟರ್ ನೀರಿನಷ್ಟು, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ 10 ಕೆ.ಜಿ. ಒತ್ತಡ ಏರುತ್ತದೆ. ಪಿವಿಸಿ ಪೈಪು ಸ್ವಲ್ಪ ಹಿಗ್ಗುವುದರಿಂದ ಅಲ್ಲಿ ಈ ಏರಿಕೆ ಸುಮಾರು ಮೂರನೇ ಒಂದು ಭಾಗ. ಆದರೆ ಪಿವಿಸಿಯ ಶಕ್ತಿಯೂ ಕಡಿಮೆ ತಾನೇ.

‘ಒಮ್ಮೆಲೇ’ ಅಂದರೆ ಎಷ್ಟು ಅನ್ನೋದು ಲೈನಿನ ಉದ್ದದ ಮೇಲೆ ಹೋಗುತ್ತದೆ. ಒತ್ತಡದ ಅಲೆ ಕಬ್ಬಿಣದ ಪೈಪಿನಲ್ಲಿ ಸೆಕೆಂಡಿಗೆ ಸುಮಾರು 1,000 ಮೀಟರ್ ಓಡುತ್ತದೆ. ಎರಡು ಕಿಲೋಮೀಟರ್ ಲೈನಿನಲ್ಲಿ ಅದು ಹೋಗಿ ವಾಪಸ್ ಬರಲು 4 ಸೆಕೆಂಡು ಬೇಕು. ಅಷ್ಟರೊಳಗೆ ನೀರು ನಿಂತರೆ ಪೂರ್ತಿ ಹೊಡೆತ ಬಿತ್ತು. ಅದಕ್ಕಿಂತ ಎಷ್ಟು ಜಾಸ್ತಿ ಹೊತ್ತು ತಗೊಳ್ಳುತ್ತೀರೋ ಹೊಡೆತ ಅಷ್ಟು ಕಡಿಮೆ.

ಇಲ್ಲಿ ತುಂಬಾ ಜನ ಗಮನಿಸದ ಒಂದು ವಿಷಯ ಇದೆ. ಗೇಟ್ ವಾಲ್ವ್ ಅರ್ಧ ಮುಚ್ಚುವವರೆಗೂ ನೀರಿನ ಹರಿವು ಅಷ್ಟೇನೂ ಕಡಿಮೆಯಾಗುವುದಿಲ್ಲ. ಕೊನೆಯ ಕೆಲವು ಸುತ್ತಿನಲ್ಲೇ ಬಹುಪಾಲು ನೀರು ನಿಲ್ಲುವುದು. ನಾವು ಮಾಡುವುದು ಉಲ್ಟಾ. ಮೊದಲು ನಿಧಾನ, ಇನ್ನೇನು ಮುಗೀತು ಅನ್ನುವಾಗ ಜೋರಾಗಿ ತಿರುಗಿಸಿ ಬಿಗಿ ಮಾಡಿ ಹೊರಡುತ್ತೇವೆ. ಕೊನೆಯ ಸುತ್ತುಗಳನ್ನೇ ಎಲ್ಲಕ್ಕಿಂತ ನಿಧಾನ ಮಾಡಿ.

ತೆರೆಯುವಾಗ ಇದಕ್ಕೆ ತಿರುಗುಮುರುಗು. ಖಾಲಿ ಲೈನಿನಲ್ಲಿ ಗಾಳಿ ತುಂಬಿರುತ್ತದೆ. ಒಂದೆರಡು ಸುತ್ತು ಮಾತ್ರ ತೆರೆದು ಕಾಯಿರಿ. ಗಾಳಿ ಏರ್ ವಾಲ್ವಿನಿಂದ ಹೊರಗೆ ಹೋಗಲಿ, ಲೈನು ತುಂಬಲಿ, ಆಮೇಲೆ ಪೂರ್ತಿ ತೆರೆಯಿರಿ. ತುಂಬುವ ನೀರಿನ ವೇಗ ಸೆಕೆಂಡಿಗೆ 0.3 ಮೀಟರ್ ದಾಟದಿದ್ದರೆ ಒಳ್ಳೆಯದು. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ಪೈಪು ಒಡೆಯುತ್ತಿದ್ದರೆ ಪೈಪು ಕಳಪೆ ಅಂತ ಬೈಯುವ ಮೊದಲು ಅದರ ಮೇಲಿನ ವಾಲ್ವನ್ನು ಯಾರು, ಹೇಗೆ ತಿರುಗಿಸುತ್ತಿದ್ದಾರೆ ಅಂತ ನೋಡಿ. ಪಂಪ್ ಹೊಡೆಯುತ್ತಿರುವಾಗ ಕರೆಂಟ್ ಹೋದರೂ ಇದೇ ಹೊಡೆತ ಬೀಳುತ್ತದೆ. ಅದು ನಮ್ಮ ಕೈಯಲ್ಲಿಲ್ಲ, ಅಲ್ಲಿ ಎನ್‌ಆರ್‌ವಿ (ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್) ಮತ್ತು ಏರ್ ವಾಲ್ವ್ ಸರಿಯಾಗಿ ಕೆಲಸ ಮಾಡುತ್ತಿರಬೇಕು ಅಷ್ಟೇ.

ನೀರು ಬಿಟ್ಟ ಕೂಡಲೇ ಮೊದಲ ಹತ್ತು ನಿಮಿಷ ವಾಸನೆ ಅಂತ ಜನ ದೂರು ಕೊಡುತ್ತಾರೆ. ಆಮೇಲೆ ಸರಿಹೋಗುತ್ತದೆ. ಬಿಟ್ಟುಬಿಡಬಹುದಾ?

ಬಿಡಬೇಡಿ. ದಯವಿಟ್ಟು ಬಿಡಬೇಡಿ. ಇಡೀ ಪುಟದಲ್ಲಿ ನಾನು ಒತ್ತಿ ಹೇಳಬೇಕಾದ ಉತ್ತರ ಇದು.

ಪೈಪಿನಲ್ಲಿ ನೀರು ತುಂಬಿ ಒತ್ತಡ ಇದ್ದಾಗ ಸಣ್ಣ ತೂತಿನಿಂದ ನೀರು ಹೊರಗೆ ಬರುತ್ತದೆ, ಒಳಗೆ ಏನೂ ಹೋಗುವುದಿಲ್ಲ. ಸರಬರಾಜು ನಿಂತಾಗ ಲೈನಿನ ತಗ್ಗಿನ ಕಡೆಗೆ ನೀರು ಇಳಿದುಹೋಗಿ ಮೇಲಿನ ಭಾಗದಲ್ಲಿ ಎಳೆತ ಹುಟ್ಟುತ್ತದೆ. ಆಗ ಅದೇ ತೂತು ಹೊರಗಿನದನ್ನು ಒಳಗೆ ಎಳೆಯುತ್ತದೆ. ಹೊರಗೆ ಏನಿದೆ? ಮೋರಿ ಪಕ್ಕದ ಒದ್ದೆ ಮಣ್ಣು, ಯುಜಿಡಿ (ಒಳಚರಂಡಿ) ಸೋರಿಕೆ, ಚರಂಡಿ ದಾಟಿಸಿ ಹಾಕಿರುವ ಮನೆ ಕನೆಕ್ಷನ್. ಮುಂದಿನ ಸಲ ನೀರು ಬಿಟ್ಟಾಗ ಅದೆಲ್ಲ ಮೊದಲ ಮನೆಗಳ ಕೊಡಕ್ಕೆ ಬೀಳುತ್ತದೆ. ಹತ್ತು ನಿಮಿಷದ ನಂತರ ವಾಸನೆ ಹೋಗಿದೆ ಅಂದರೆ ಕೊಳೆ ಯಾರದೋ ಮನೆಯ ಸಂಪಿಗೆ ಸೇರಿದೆ ಅಂತಲೇ ಅರ್ಥ.

2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಹಲವರು ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು, ಒಬ್ಬ ಯುವಕ ತೀರಿಕೊಂಡರು. ನಮ್ಮದೇ ಜಿಲ್ಲೆ, ನಮ್ಮದೇ ಪಕ್ಕದ ಊರು. ವಾಸನೆಯ ದೂರು ಬಂದಾಗಲೆಲ್ಲ ಆ ಊರನ್ನು ನೆನೆಸಿಕೊಳ್ಳಿ.

ದೂರು ಬಂದರೆ ಮೊದಲು ಆ ಬೀದಿಯ ನೀರು ನಿಲ್ಲಿಸಿ, ಮನೆಮನೆಗೆ ಹೇಳಿ, ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಕುಡಿಯಲು ಟ್ಯಾಂಕರ್ ನೀರು ಕೊಡಿಸಿ. ನಂತರ ನಲ್ಲಿಯ ತುದಿಯಲ್ಲಿ ಕ್ಲೋರಿನ್ ನೋಡಿ. ಟ್ಯಾಂಕಿನ ಹತ್ತಿರ ಲೀಟರಿಗೆ 0.5 ಮಿಲಿಗ್ರಾಂ ಇದ್ದದ್ದು ಆ ಬೀದಿಗೆ ಬರುವಷ್ಟರಲ್ಲಿ ಸೊನ್ನೆ ಆಗಿದ್ದರೆ ನಡುವೆ ಏನೋ ಕೊಳೆ ಅದನ್ನು ತಿಂದಿದೆ ಅಂತ ಅನುಮಾನಿಸಬೇಕು. ಎಲ್ಲಿ ಕಡಿಮೆಯಾಗುತ್ತಿದೆ ಅಂತ ಒಂದೊಂದೇ ಮನೆಯಲ್ಲಿ ನೋಡುತ್ತಾ ಹೋದರೆ ಸಾಮಾನ್ಯವಾಗಿ ಸೋರುವ ಜಾಗದ ಹತ್ತಿರಕ್ಕೆ ಬಂದುಬಿಡುತ್ತೀರಿ. ಮನೆ ಕನೆಕ್ಷನ್ ಪೈಪು ಮೋರಿ ದಾಟುವ ಜಾಗ, ಹಳೇ ಕನೆಕ್ಷನ್ ಕಿತ್ತು ಸುಮ್ನೆ ಬಟ್ಟೆ ಸುತ್ತಿ ಬಿಟ್ಟಿರುವ ಜಾಗ, ಇವನ್ನೇ ಮೊದಲು ಅಗೆದು ನೋಡಿ.

ಹೊಸ ಲೈನು ಹಾಕುವಾಗ ಕುಡಿಯುವ ನೀರಿನ ಪೈಪಿಗೂ ಒಳಚರಂಡಿಗೂ ಅಡ್ಡಡ್ಡ 3 ಮೀಟರ್ ದೂರ ಇರಬೇಕು. ದಾಟಲೇಬೇಕಾದರೆ ನೀರಿನ ಪೈಪು ಅರ್ಧ ಮೀಟರ್ ಮೇಲೆ ಇರಬೇಕು. ಊರೊಳಗಿನ ಕಿರಿದಾದ ಬೀದಿಯಲ್ಲಿ 3 ಮೀಟರ್ ಎಲ್ಲಿಂದ ತರೋದು ಅಂತ ಕೇಳುತ್ತೀರಿ. ನಿಜ, ಸಿಗಲ್ಲ. ಆಗ ದಾಟುವ ಜಾಗದಲ್ಲಿ ಜಾಯಿಂಟ್ ಇಲ್ಲದ ಹಾಗೆ ಒಂದೇ ಉದ್ದ ಪೈಪು ಬರಲಿ, ಅದರ ಮೇಲೆ ಇನ್ನೊಂದು ದಪ್ಪ ಪೈಪಿನ ತೊಡುಗೆ ಹಾಕಿ.

ಜನ ಏರ್ ವಾಲ್ವಿನಲ್ಲಿ ಕೊಡ ತುಂಬಿಸುತ್ತಾರೆ. ತಡೆದರೆ ಜಗಳ.

ಬೇಸಿಗೆಯಲ್ಲಿ ಮೇನ್ ಲೈನಿನ ಪಕ್ಕದ ಹಳ್ಳಿಗಳಲ್ಲಿ ಇದು ಎಲ್ಲ ಕಡೆ ಇದೆ. ಹೆಣ್ಣುಮಕ್ಕಳು ಬಿಸಿಲಲ್ಲಿ ಕೊಡ ಹೊತ್ತು ಬಂದಿರುತ್ತಾರೆ, ಅವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಅಲ್ಲಿಗೆ ನೀರು ಸರಿಯಾಗಿ ತಲುಪುತ್ತಿಲ್ಲ ಅನ್ನೋದೇ ಮೂಲ ಸಮಸ್ಯೆ, ಅದನ್ನು ಪಂಚಾಯಿತಿ ಮುಂದೆ ಇಡಿ.

ಆದರೆ ಅಪಾಯವನ್ನು ಅವರಿಗೆ ಬಿಡಿಸಿ ಹೇಳಿ. ಏರ್ ವಾಲ್ವ್ ಗಾಳಿಯನ್ನು ಹೊರಗೆ ಬಿಡುವುದಷ್ಟೇ ಅಲ್ಲ, ಲೈನು ಖಾಲಿಯಾಗುವಾಗ ಒಳಗೂ ಎಳೆಯುತ್ತದೆ. ಬಟ್ಟೆ ಒಗೆದ ನೀರು, ದನ ತೊಳೆದ ನೀರು ಆ ವಾಲ್ವ್ ಕೂರಿಸಿರುವ ಗುಂಡಿಯಲ್ಲಿ, ಅಂದರೆ ಚೇಂಬರಿನಲ್ಲಿ ನಿಂತು ವಾಲ್ವ್ ಮುಳುಗಿದ್ದರೆ ಪಂಪ್ ನಿಂತ ಕೂಡಲೇ ಅದೆಲ್ಲ ಕುಡಿಯುವ ನೀರಿನ ಲೈನಿಗೆ ಹೋಗುತ್ತದೆ. ವಾಲ್ವಿನ ಚೆಂಡಿಗೆ ಕಡ್ಡಿ ಸಿಕ್ಕಿಸಿ ಸದಾ ಸೋರುವ ಹಾಗೆ ಮಾಡಿದ್ದರೆ ಅದು ಗಾಳಿ ಬಿಡುವ ಕೆಲಸವನ್ನೂ ಮಾಡುವುದಿಲ್ಲ. ಏರ್ ವಾಲ್ವಿನ ಬಾಯಿ ಚೇಂಬರಿನ ನೀರಿಗಿಂತ ಯಾವಾಗಲೂ ಮೇಲಿರಬೇಕು, ಚೇಂಬರಿನಿಂದ ನೀರು ಹೊರಹೋಗಲು ದಾರಿ ಇರಬೇಕು.

ಮನೆಯವರು ನೇರವಾಗಿ ಲೈನಿಗೇ ಮೋಟಾರು ಹಾಕುತ್ತಾರಲ್ಲ?

ಪಕ್ಕದ ಮನೆಗೆ ನೀರು ಹೋಗಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಆ ಮೋಟಾರು ಲೈನನ್ನು ಹೀರಿ ಮೋರಿ ನೀರನ್ನೂ ಒಳಗೆ ಎಳೆಯುತ್ತದೆ ಅನ್ನೋದು ಗೊತ್ತಿಲ್ಲ. ಮೊದಲು ಆ ಕೊಳೆ ಕುಡಿಯುವುದು ಮೋಟಾರು ಹಾಕಿದ ಮನೆಯವರೇ. ಇದನ್ನು ಹೇಳಿದ ಮೇಲೆ ದಂಡದ ಮಾತಿಗಿಂತ ಬೇಗ ಮೋಟಾರು ಬಿಚ್ಚುತ್ತಾರೆ. ಮೊದಲು ನೀರು ಸಂಪಿಗೆ ತಾನಾಗಿ ಬೀಳಲಿ, ಸಂಪಿನಿಂದ ಮೋಟಾರಿನಲ್ಲಿ ಏರಿಸಿಕೊಳ್ಳಲಿ.

ಗುಂಡಿ ಎಷ್ಟು ಆಳ ಆದರೆ ಆಧಾರ ಕಟ್ಟಬೇಕು?

1.5 ಮೀಟರ್ ದಾಟಿದರೆ ಪಕ್ಕಕ್ಕೆ ಹಲಗೆ ಆಧಾರ ಕೊಡಬೇಕು, ಇಲ್ಲವೇ ಗೋಡೆಯನ್ನು ಇಳಿಜಾರು ಮಾಡಬೇಕು. ಅದಕ್ಕಿಂತ ಕಡಿಮೆ ಆಳದಲ್ಲೂ ಮಣ್ಣು ಸಡಿಲ ಇದ್ದರೆ ಕಟ್ಟಿ. ಪೈಪ್ ಒಡೆದ ಜಾಗದಲ್ಲಿ ಮಣ್ಣು ಆಗಲೇ ನೀರು ಕುಡಿದು ಮೆತ್ತಗಾಗಿರುತ್ತದೆ ಅನ್ನೋದನ್ನು ಮರೆಯಬೇಡಿ. ಮಂಡ್ಯ ಕಡೆ ನಾಲೆ ನೀರು ನಿಲ್ಲುವ ಗದ್ದೆ ಪಕ್ಕ, ಕಬ್ಬಿನ ತೋಟದ ಪಕ್ಕ ಅಗೆಯುವಾಗ ಅಡಿಯಿಂದಲೂ ನೀರು ಜಿನುಗುತ್ತದೆ. ಎರೆ ಮಣ್ಣು ಬಿರುಕು ಬಿಟ್ಟು ಒಂದೇ ತುಂಡಾಗಿ ಕಳಚಿ ಬೀಳುತ್ತದೆ.

ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್‌ಗಿಂತ ಜಾಸ್ತಿ ತೂಗುತ್ತದೆ. ಎದೆಯವರೆಗೆ ಹೂತರೆ ತಲೆ ಹೊರಗಿದ್ದರೂ ಉಸಿರು ಎಳೆದುಕೊಳ್ಳಲು ಆಗುವುದಿಲ್ಲ. ಹಾಗಾಗಿ ತೆಗೆದ ಮಣ್ಣನ್ನು ಅಂಚಿನಲ್ಲೇ ಗುಡ್ಡೆ ಹಾಕಬೇಡಿ, 1.5 ಮೀಟರ್ ದೂರ ಹಾಕಿ. ಜೆಸಿಬಿ, ಟ್ರ್ಯಾಕ್ಟರ್ ಅಂಚಿಗೆ ಬರದ ಹಾಗೆ ಕಲ್ಲು ಇಡಿ. ಕಬ್ಬು ತುಂಬಿದ ಟ್ರ್ಯಾಕ್ಟರ್ ರಸ್ತೆಯಲ್ಲಿ ಹಾದುಹೋದರೇ ಗುಂಡಿಯ ಗೋಡೆ ಅದುರುತ್ತದೆ. ಏಣಿ ಒಳಗೇ ಇರಲಿ. ಒಬ್ಬರು ಮೇಲೆ ನಿಂತು ಬರೀ ಗೋಡೆಯನ್ನು ನೋಡುತ್ತಿರಲಿ, ಅವರಿಗೆ ಬೇರೆ ಕೆಲಸ ಹೇಳಬೇಡಿ.

ಯಾರಾದರೂ ಹೂತುಹೋದರೆ ಜೆಸಿಬಿಯಿಂದ ಬಗೆಯಬೇಡಿ. ಎಲ್ಲರೂ ಹಾರಿ ಇಳಿಯಬೇಡಿ, ಎರಡನೇ ಸಲ ಕುಸಿಯುವುದು ಬಹಳ ಸಾಮಾನ್ಯ. 112ಕ್ಕೆ ಫೋನ್ ಮಾಡಿ, ಉಳಿದ ಗೋಡೆಗೆ ಆಧಾರ ಕೊಟ್ಟು, ಕೈಯಿಂದ, ಸಣ್ಣ ಸಲಿಕೆಯಿಂದ ಮಣ್ಣು ತೆಗೆಯಿರಿ.

ಜೆಸಿಬಿಯಲ್ಲಿ ಅಗೆಯುವ ಮೊದಲು ಯಾರನ್ನು ಕೇಳಬೇಕು?

ಕರೆಂಟ್ ಕಂಪನಿ ಚೆಸ್ಕಾಂನ ಕೇಬಲ್, ಟೆಲಿಫೋನಿನ ಓಎಫ್‌ಸಿ ಕೇಬಲ್, ಈಗ ಮೈಸೂರಿನ ಹಲವು ಬಡಾವಣೆಗಳಲ್ಲಿ ಅಡುಗೆ ಗ್ಯಾಸಿನ ಹಳದಿ ಪೈಪು, ಎಲ್ಲವೂ ಒಂದೇ ರಸ್ತೆ ಅಂಚಿನಲ್ಲಿವೆ. ಅಗೆಯುವ ಮೊದಲು ತಿಳಿಸಲು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಿಡುಗಡೆ ಮಾಡಿದೆ. ಅದರ ಜೊತೆಗೆ ಆ ಏರಿಯಾದ ಲೈನ್‌ಮನ್‌ಗೆ ಒಂದು ಫೋನ್ ಮಾಡಿ. ನಕ್ಷೆಯಲ್ಲಿ ಇಲ್ಲದ್ದು ಅವರ ತಲೆಯಲ್ಲಿ ಇರುತ್ತದೆ. ಅನುಮಾನ ಇರುವ ಜಾಗದಲ್ಲಿ ಕೊನೆಯ ಎರಡಡಿ ಕೈಯಲ್ಲೇ ಅಗೆಯಿರಿ.

ವಾಲ್ವ್ ಚೇಂಬರ್ ಒಳಗೆ ಇಳಿಯುವುದರಲ್ಲಿ ಏನಿದೆ ಅಪಾಯ? ಅದು ಕುಡಿಯುವ ನೀರಿನದು ಅಲ್ವಾ, ಯುಜಿಡಿ ಅಲ್ಲವಲ್ಲ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಭಯ ಆಗುತ್ತದೆ. ಕುಡಿಯುವ ನೀರಿನ ಚೇಂಬರ್ ಕೂಡ ಸಾಯಿಸುತ್ತದೆ. ತಿಂಗಳುಗಟ್ಟಲೆ ಮುಚ್ಚಿದ ಚೇಂಬರಿನಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತಾ ಒಳಗಿನ ಆಮ್ಲಜನಕವನ್ನು ಬಳಸಿಬಿಡುತ್ತದೆ. ಕೊಳೆತ ಎಲೆ, ಕೆಸರು ಕೂಡ ಅದೇ ಕೆಲಸ ಮಾಡುತ್ತವೆ. ಪಕ್ಕದ ಯುಜಿಡಿಯಿಂದ ಗ್ಯಾಸ್ ಮಣ್ಣಿನ ಮೂಲಕ ಒಳಗೆ ಬಂದಿರಬಹುದು. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ ಶೇ. 20.9 ಇರುತ್ತದೆ. 19.5ಕ್ಕಿಂತ ಕಡಿಮೆ ಇದ್ದರೆ ಇಳಿಯುವಂತಿಲ್ಲ. ತೀರಾ ಕಡಿಮೆ ಇದ್ದರೆ ಉಸಿರುಕಟ್ಟಿದ ಅನುಭವವೂ ಆಗುವುದಿಲ್ಲ, ನೇರವಾಗಿ ಪ್ರಜ್ಞೆ ತಪ್ಪುತ್ತದೆ.

ಕೊಳೆತ ಮೊಟ್ಟೆ ವಾಸನೆ ಬಂದರೆ ಗೊತ್ತಾಗುತ್ತೆ ಬಿಡಿ ಅನ್ನಬೇಡಿ. ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ವಾಸನೆ ನಿಂತುಹೋಗುತ್ತದೆ. ಬೆಂಕಿಕಡ್ಡಿ ಗೀಚಿ, ದೀಪ ಇಳಿಸಿ ನೋಡುವ ಹಳೇ ಪದ್ಧತಿಯೂ ಬೇಡ. ಮೀಥೇನ್ ಇದ್ದರೆ ಉರಿದುಬಿಡುತ್ತದೆ.

ಮುಚ್ಚಳ ತೆಗೆದು ಗಾಳಿ ಆಡಲು ಬಿಡಿ, ಬ್ಲೋವರ್ ಹಾಕಿ, ಗ್ಯಾಸ್ ಮೀಟರನ್ನು ಹಗ್ಗದಲ್ಲಿ ಮೇಲೆ, ನಡುವೆ, ತಳಕ್ಕೆ ಇಳಿಸಿ ಓದಿ. ಸರಿ ಇದ್ದರೆ ಮಾತ್ರ ಬೆಲ್ಟು, ಹಗ್ಗ ಕಟ್ಟಿಕೊಂಡು ಇಳಿಯಿರಿ. ಮೇಲೆ ಒಬ್ಬರು ಇರಲೇಬೇಕು. ಕೆಳಗಿನವರು ಬಿದ್ದರೆ ಮೇಲಿನವರು ಇಳಿಯಬಾರದು, ಹಗ್ಗದಿಂದ ಎಳೆಯಬೇಕು. ಇಂಥ ಸಾವುಗಳಲ್ಲಿ ಕಾಪಾಡಲು ಹೋದವರೂ ಜೊತೆಗೆ ಸಾಯುವುದು ಮತ್ತೆ ಮತ್ತೆ ಆಗಿದೆ. ಅಣ್ಣ ಬಿದ್ದ ಅಂತ ತಮ್ಮ ಇಳಿಯುತ್ತಾನೆ, ಅದು ಸಹಜ, ಅದಕ್ಕೇ ಹಗ್ಗವನ್ನು ಮೊದಲೇ ಕಟ್ಟಿರಬೇಕು. ಎಷ್ಟೋ ಕೆಲಸಕ್ಕೆ ಇಳಿಯುವ ಅಗತ್ಯವೇ ಇಲ್ಲ, ಉದ್ದ ಕೀಲಿಯಿಂದ ಮೇಲೇ ನಿಂತು ವಾಲ್ವ್ ತಿರುಗಿಸಬಹುದು. ಆ ಕೀಲಿ ಮಾಡಿಸಿಕೊಡಿ ಅಂತ ಕೇಳಿ.

ಮೇನ್ ಲೈನ್ ಒಡೆದಿದೆ, ಜನ ಕಾಯುತ್ತಿದ್ದಾರೆ. ಬೇಗ ಮುಗಿಸಲು ಏನು ಬಿಟ್ಟುಬಿಡಬಹುದು?

ಪೈಪ್ ತೊಳೆಯುವುದನ್ನು ಮಾತ್ರ ಬಿಡಬೇಡಿ ಅಂತ ಹೇಳುತ್ತೇನೆ. ರಿಪೇರಿಯಲ್ಲಿ ಜನ ಸಾಮಾನ್ಯವಾಗಿ ಬಿಡುವುದೇ ಅದನ್ನು.

ಸಾಧ್ಯವಾದರೆ ವಾಲ್ವ್ ಪೂರ್ತಿ ಮುಚ್ಚದೆ ಸ್ವಲ್ಪ ನೀರು ಹೊರಗೆ ಹರಿಯುತ್ತಿರಲಿ, ಗುಂಡಿಯ ನೀರು ಪೈಪಿನ ಅಡಿಗಿಂತ ಕೆಳಗೆ ಇಳಿಯುವವರೆಗೂ. ಆ ಒತ್ತಡ ಇರುವವರೆಗೆ ಕೆಸರು ಪೈಪಿನ ಒಳಗೆ ಹೋಗುವುದಿಲ್ಲ. ಗುಂಡಿ ಬತ್ತಿದ ಮೇಲೆ ಮುಚ್ಚಿ. ಹಾಕುವ ಕಾಲರ್, ಕಪ್ಲಿಂಗ್, ಪೈಪ್ ತುಂಡು ಎಲ್ಲವನ್ನೂ ಶೇ. 1ರ ಕ್ಲೋರಿನ್ ದ್ರಾವಣದಲ್ಲಿ ಒರೆಸಿ. ಶೇ. 25ರ ಬ್ಲೀಚಿಂಗ್ ಪೌಡರ್ ಆದರೆ ಲೀಟರಿಗೆ 40 ಗ್ರಾಂ. ಕತ್ತರಿಸಿದ ಹಳೇ ಪೈಪಿನ ಬಾಯಿಯನ್ನೂ ಒರೆಸಿ. ರಿಪೇರಿ ಆದ ಮೇಲೆ ಸ್ಕವರ್ ವಾಲ್ವ್ (ಲೈನಿನ ಕೊಳೆ ನೀರನ್ನು ಹೊರಗೆ ಬಿಡುವ ವಾಲ್ವ್) ತೆರೆದು ತಿಳಿ ನೀರು ಬರುವವರೆಗೆ ಬಿಡಿ, ನಂತರ ಮನೆಗಳಿಗೆ ಕೊಡಿ. ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ನೋಡಿ.

ಹೊಸ ಲೈನು ಅಥವಾ ದೊಡ್ಡ ತುಂಡು ಬದಲಾಯಿಸಿದ್ದರೆ ಲೀಟರಿಗೆ 25ರಿಂದ 50 ಮಿಲಿಗ್ರಾಂ ಕ್ಲೋರಿನ್ ನೀರು ತುಂಬಿ 24 ಗಂಟೆ ಇಡುವುದು ವಾಡಿಕೆ. 100 ಮಿ.ಮೀ. ಪೈಪು 100 ಮೀಟರಿಗೆ ಸುಮಾರು 785 ಲೀಟರ್ ಹಿಡಿಯುತ್ತದೆ. 25 ಮಿಲಿಗ್ರಾಂ ಬೇಕೆಂದರೆ ಸುಮಾರು 20 ಗ್ರಾಂ ಕ್ಲೋರಿನ್, ಅಂದರೆ ಶೇ. 25ರ ಪೌಡರ್ 80 ಗ್ರಾಂ ಸಾಕು. ಆ ನೀರನ್ನು ಪೂರ್ತಿ ಹೊರಗೆ ಬಿಟ್ಟು ತೊಳೆದ ಮೇಲೆಯೇ ಸರಬರಾಜು. ಹೊರಗೆ ಬಿಟ್ಟ ನೀರು ಕೆರೆಗೆ, ಮೀನಿನ ಹೊಂಡಕ್ಕೆ ಸೇರದ ಹಾಗೆ ನೋಡಿಕೊಳ್ಳಿ.

ಬೆಂಡ್ ಹತ್ತಿರ ಕಾಂಕ್ರೀಟ್ ದಿಮ್ಮಿ ಹಾಕದಿದ್ದರೆ ಏನಾಗುತ್ತದೆ?

300 ಮಿ.ಮೀ. ಪೈಪಿನ 90 ಡಿಗ್ರಿ ತಿರುವಿಗೆ 6 ಕೆ.ಜಿ. ಒತ್ತಡದಲ್ಲಿ ಸುಮಾರು 6 ಟನ್ ತಳ್ಳುವ ಬಲ ಬೀಳುತ್ತದೆ. ಮಣ್ಣಷ್ಟೇ ಅದನ್ನು ತಡೆಯುವುದಿಲ್ಲ, ಜಾಯಿಂಟ್ ಕಳಚಿ ಬರುತ್ತದೆ. ದಿಮ್ಮಿ ಗಟ್ಟಿಯಾಗುವ ಮೊದಲೇ ನೀರು ಬಿಡಿ ಅಂತ ಒತ್ತಾಯ ಬರುತ್ತದೆ, ಒಪ್ಪಬೇಡಿ. ಒತ್ತಡ ಪರೀಕ್ಷೆ ಮಾಡುವಾಗ ಎಂಡ್ ಕ್ಯಾಪ್ ಎದುರು ಯಾರೂ ನಿಲ್ಲಬಾರದು. ಪರೀಕ್ಷೆಗೆ ನೀರನ್ನೇ ಬಳಸಿ, ಕಂಪ್ರೆಸರ್ ಗಾಳಿಯನ್ನು ಎಂದೂ ಬಳಸಬೇಡಿ. ಒತ್ತಿ ತುಂಬಿದ ಗಾಳಿ ಸಿಡಿದರೆ ಪೈಪಿನ ಚೂರು ಗುಂಡಿನ ಹಾಗೆ ಹಾರುತ್ತದೆ.

ಹಳೇ ಎಸಿ (ಕಲ್ನಾರು ಸಿಮೆಂಟ್) ಪೈಪ್ ಕತ್ತರಿಸಬಹುದಾ?

ಅದರಲ್ಲಿ ಕಲ್ನಾರು ಇದೆ. ಒಣಗಿದ ಪೈಪಿಗೆ ಕಟಿಂಗ್ ಮೆಷಿನ್ ಹಾಕಿದರೆ ಏಳುವ ಧೂಳು ಶ್ವಾಸಕೋಶಕ್ಕೆ ಹೋಗಿ ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲದು. ಸದಾ ನೀರು ಸುರಿಯುತ್ತಾ ಕೈ ಗರಗಸದಲ್ಲಿ ಕತ್ತರಿಸಿ, ಒಳ್ಳೆಯ ಮಾಸ್ಕ್ ಹಾಕಿ. ಟವೆಲ್ ಕಟ್ಟಿಕೊಂಡರೆ ಸಾಲದು. ಆ ಬಟ್ಟೆಯಲ್ಲಿ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳಬೇಡಿ. ಚೂರುಗಳನ್ನು ಒದ್ದೆ ಮಾಡಿ ಚೀಲದಲ್ಲಿ ಕಟ್ಟಿ, ರಸ್ತೆ ಬದಿ ಬಿಡಬೇಡಿ.

ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? ಅಂದಾಜಿಗೆ ಒಂದು ಬೊಗಸೆ ಹಾಕುತ್ತೇವೆ.

ಅಂದಾಜು ಬೇಡ, ಲೆಕ್ಕ ಸುಲಭವಾಗಿದೆ. 1 ಲಕ್ಷ ಲೀಟರ್ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಕೊಡಬೇಕೆಂದರೆ 200 ಗ್ರಾಂ ಕ್ಲೋರಿನ್ ಬೇಕು. ಪೌಡರಿನಲ್ಲಿ ಶೇ. 25 ಕ್ಲೋರಿನ್ ಇದ್ದರೆ 800 ಗ್ರಾಂ. 50,000 ಲೀಟರಿಗೆ 400 ಗ್ರಾಂ. ಹೊಸ ಪೌಡರಿನಲ್ಲಿ ಶೇ. 33ರವರೆಗೂ ಇರುತ್ತದೆ, ಚೀಲ ತೆರೆದಿಟ್ಟರೆ, ತೇವ ಬಿದ್ದರೆ ಬೇಗ ಇಳಿಯುತ್ತದೆ. ಮಳೆಗಾಲದಲ್ಲಿ ಪಂಪ್ ಹೌಸಿನ ಮೂಲೆಯಲ್ಲಿ ಗಟ್ಟಿಯಾಗಿ ಕೂತ ಪೌಡರ್ ಹಾಕಿದರೆ ಸುಣ್ಣ ಹಾಕಿದ ಹಾಗೆ ಅಷ್ಟೇ.

ಪುಡಿಯನ್ನು ನೇರವಾಗಿ ಸುರಿಯಬೇಡಿ. ಬಕೆಟಿನಲ್ಲಿ ಕಲಸಿ, ತಿಳಿಯಾಗಲು ಬಿಟ್ಟು, ಮೇಲಿನ ತಿಳಿಯನ್ನು ಹಾಕಿ. ಅರ್ಧ ಗಂಟೆ ಆದ ಮೇಲೆ ನೀರು ಬಿಡಿ. ಕ್ಲೋರಿನ್ ಪರೀಕ್ಷಿಸುವ ಡಿಪಿಡಿ ಮಾತ್ರೆ ಹಾಕಿದಾಗ ಕೊನೆಯ ನಲ್ಲಿಯ ನೀರು ತಿಳಿ ಗುಲಾಬಿ ಆಗಬೇಕು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಂತೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಕಾಯಿಲೆ ಹರಡುವ ಕಾಲದಲ್ಲಿ 0.5 ಇಟ್ಟುಕೊಳ್ಳಿ.

ಕ್ಲೋರಿನ್ ಗ್ಯಾಸ್ ಸಿಲಿಂಡರ್ ಸೋರಿದರೆ?

ಶುದ್ಧೀಕರಣ ಘಟಕದವರಿಗೆ ಈ ಪ್ರಶ್ನೆ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ. ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ಆದ್ದರಿಂದ ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ, ಎತ್ತರದ ಕಡೆಗೆ ಓಡಿ. ಮಲಗಬೇಡಿ, ಬಗ್ಗಬೇಡಿ. ಘಟಕದಲ್ಲಿ ಗಾಳಿಯ ದಿಕ್ಕು ತೋರಿಸುವ ಗಾಳಿಪಟ್ಟಿ ಇರಬೇಕು, ಯಾವ ಕಡೆ ಗಾಳಿ ಅಂತ ಆಗ ಹುಡುಕುತ್ತಾ ನಿಲ್ಲಲು ಆಗುವುದಿಲ್ಲ. ಸೋರುವ ಸಿಲಿಂಡರಿಗೆ ನೀರು ಹೊಡೆಯಬೇಡಿ, ಆಮ್ಲ ಆಗಿ ತೂತು ಇನ್ನೂ ದೊಡ್ಡದಾಗುತ್ತದೆ. ಸಣ್ಣ ಸೋರಿಕೆ ಹುಡುಕಲು ಅಮೋನಿಯಾ ಆವಿ ಹಿಡಿದರೆ ಬಿಳಿ ಹೊಗೆ ಏಳುತ್ತದೆ. ಉಸಿರಾಟದ ಸಿಲಿಂಡರ್ ಸೆಟ್ ಹಾಕಿಕೊಳ್ಳಲು ಕಲಿತಿರುವವರು ಮಾತ್ರ ಹತ್ತಿರ ಹೋಗಬೇಕು. ಕಣ್ಣಿಗೆ ತಾಗಿದರೆ 15 ನಿಮಿಷ ಬಿಡದೆ ನೀರು ಹಾಕಿ, 108ಕ್ಕೆ ಫೋನ್ ಮಾಡಿ.

ಪಂಪ್ ರಿಪೇರಿಗೆ ಮೇನ್ ಆಫ್ ಮಾಡಿದರೆ ಸಾಕಲ್ಲ?

ಸಾಲದು. ನಮ್ಮ ಕಡೆ ಹೆಚ್ಚಿನ ಬೋರ್‌ವೆಲ್‌ಗಳಿಗೆ ಆಟೋ ಸ್ಟಾರ್ಟರ್ ಇದೆ, ಕೆಲವಕ್ಕೆ ಮೊಬೈಲಿನಿಂದ ಆನ್ ಮಾಡುವ ಸ್ಟಾರ್ಟರ್. ಕರೆಂಟ್ ಬಂದ ಕೂಡಲೇ ಮೋಟಾರು ತಾನೇ ತಿರುಗುತ್ತದೆ. ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಳ್ಳಿ, ಪ್ಯಾನೆಲಿಗೆ ನಿಮ್ಮದೇ ಬೀಗ ಹಾಕಿ, ‘ಕೆಲಸ ನಡೆಯುತ್ತಿದೆ’ ಅಂತ ಹೆಸರು ಬರೆದು ತೂಗುಹಾಕಿ. ಟ್ರಾನ್ಸ್‌ಫಾರ್ಮರ್ ಕಡೆ ಕೆಲಸ ಇದ್ದರೆ ಚೆಸ್ಕಾಂನಿಂದ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕರೆಂಟ್ ನಿಲ್ಲಿಸಿ ಕೊಡುವ ಅನುಮತಿ) ತೆಗೆದುಕೊಂಡೇ ಮುಟ್ಟಬೇಕು, ಪರಿಚಯದ ಲೈನ್‌ಮನ್ ಬಾಯಿಮಾತಿಗೆ ‘ಆಫ್ ಮಾಡಿದ್ದೀನಿ ಅಣ್ಣ’ ಅಂದರೂ ಟೆಸ್ಟರ್ ಹಿಡಿಯದೆ ಕೈ ಹಾಕಬೇಡಿ.

ಕಾಣದ ಸೋರಿಕೆ ಹುಡುಕುವುದು ಹೇಗೆ? ದುಬಾರಿ ಮೆಷಿನ್ ನಮ್ಮಲ್ಲಿಲ್ಲ.

ರಾತ್ರಿ ಎರಡರಿಂದ ನಾಲ್ಕರ ನಡುವೆ ಊರು ಮಲಗಿದಾಗ ಟ್ಯಾಂಕಿನ ಮಟ್ಟ ನೋಡಿ. ಎಲ್ಲರ ಸಂಪು ತುಂಬಿದ ಮೇಲೂ ಇಳಿಯುತ್ತಿದ್ದರೆ ಅದು ಸೋರಿಕೆ. ಒಂದೊಂದೇ ಬೀದಿಯ ವಾಲ್ವ್ ಮುಚ್ಚುತ್ತಾ ಹೋಗಿ, ಯಾವುದನ್ನು ಮುಚ್ಚಿದಾಗ ಇಳಿಯುವುದು ನಿಲ್ಲುತ್ತದೋ ಆ ಬೀದಿಯಲ್ಲಿದೆ. ಕಬ್ಬಿಣದ ರಾಡನ್ನು ವಾಲ್ವಿಗೆ ಇಟ್ಟು ಕಿವಿ ಕೊಟ್ಟರೆ ಸುಯ್ ಅನ್ನುವ ಸದ್ದು ಕೇಳುತ್ತದೆ. ಬೇಸಿಗೆಯಲ್ಲಿ ಒಂದೇ ಕಡೆ ಹುಲ್ಲು ಹಸಿರಾಗಿದ್ದರೆ ಅಲ್ಲೂ ನೋಡಿ. 20 ಮೀಟರ್ ಒತ್ತಡದಲ್ಲಿ 3 ಮಿ.ಮೀ. ತೂತಿನಿಂದ ದಿನಕ್ಕೆ ಸುಮಾರು 7,000 ಲೀಟರ್ ಹೋಗುತ್ತದೆ. ಜಲ ಜೀವನ್ ಮಿಷನ್‌ನ ತಲೆಗೆ 55 ಲೀಟರ್ ಲೆಕ್ಕದಲ್ಲಿ ಅದು ನೂರಕ್ಕೂ ಹೆಚ್ಚು ಜನರ ನೀರು.

ಏನೇನು ಬರೆದಿಡಬೇಕು? ಓದು ಬರಹ ಕಡಿಮೆ ಇರುವವರು ಏನು ಮಾಡಬೇಕು?

ಪ್ರತಿ ವಾಲ್ವ್ ಎಲ್ಲಿದೆ, ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆ, ಒಟ್ಟು ಎಷ್ಟು ಸುತ್ತು. ಇಷ್ಟು ಇದ್ದರೆ ನಡುರಾತ್ರಿ ಹೊಸಬರು ಬಂದರೂ ಕೆಲಸ ಮಾಡಬಹುದು. ಸುತ್ತು ಎಣಿಸುವುದರಿಂದ ಇನ್ನೊಂದು ಲಾಭ ಇದೆ. 20 ಸುತ್ತಿನ ವಾಲ್ವ್ 14ಕ್ಕೇ ನಿಂತರೆ ಒಳಗೆ ಏನೋ ಸಿಕ್ಕಿದೆ ಅಂತ ಗೊತ್ತಾಗುತ್ತದೆ, ಬಲ ಹಾಕಿ ಸ್ಪಿಂಡಲ್ ಮುರಿಯುವುದು ತಪ್ಪುತ್ತದೆ. ವರ್ಷಕ್ಕೆ ಒಂದೆರಡು ಸಲ ಎಲ್ಲ ವಾಲ್ವ್‌ಗಳನ್ನೂ ಪೂರ್ತಿ ತಿರುಗಿಸಿ, ಇಲ್ಲದಿದ್ದರೆ ಬೇಕಾದ ದಿನ ಜಾಮ್ ಆಗಿರುತ್ತವೆ. ಬರೆಯಲು ಕಷ್ಟ ಆದರೆ ಮೊಬೈಲಿನಲ್ಲಿ ಫೋಟೋ ತೆಗೆದು ಜೊತೆಗೆ ಮಾತಾಡಿ ರೆಕಾರ್ಡ್ ಮಾಡಿ, ಕಚೇರಿಯಲ್ಲಿ ಯಾರಾದರೂ ಬರೆದುಕೊಳ್ಳಲಿ. ತರಬೇತಿಯೂ ಬಾಯಲ್ಲಿ ಹೇಳಿ, ಕೈಯಲ್ಲಿ ಮಾಡಿಸಿ ನಡೆಯಬೇಕು. ಓದಲು ಬಾರದು ಅನ್ನುವ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು.

ಹೆಣ್ಣುಮಕ್ಕಳು ಬರಬಹುದಾ?

ಬರಲೇಬೇಕು. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್‌ನಿಂದ ನೀರು ಪರೀಕ್ಷಿಸುವುದನ್ನು ಕಲಿಸುವ ಏರ್ಪಾಡಿದೆ. ನೀರಿನ ಬಣ್ಣ, ವಾಸನೆ ಬದಲಾದದ್ದು ಮೊದಲು ಗೊತ್ತಾಗುವುದು ಅವರಿಗೇ.

ಇಲ್ಲಿ ತರಬೇತಿ ಎಲ್ಲಿ ಸಿಗುತ್ತದೆ?

ಮೈಸೂರಿನಲ್ಲೇ ಆಡಳಿತ ತರಬೇತಿ ಸಂಸ್ಥೆ, ರಾಜ್ಯ ನಗರಾಭಿವೃದ್ಧಿ ಸಂಸ್ಥೆ, ಪಂಚಾಯಿತಿಗಳಿಗೆ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ ಇವೆ. ಜಲ ಜೀವನ್ ಮಿಷನ್ ಅಡಿ ‘ನಲ್ ಜಲ್ ಮಿತ್ರ’ ಅನ್ನುವ ಕೌಶಲ ತರಬೇತಿಯೂ ಇದೆ. ನೀರುಗಂಟಿಗಳು ಪಿಡಿಓ ಅವರನ್ನು, ನಗರದವರು ತಮ್ಮ ಜೂನಿಯರ್ ಎಂಜಿನಿಯರ್‌ ಅವರನ್ನು ಮುಂದಿನ ಬ್ಯಾಚ್ ಯಾವಾಗ ಅಂತ ಕೇಳಿ. ಬಾಯಲ್ಲಿ ಕೇಳಿ ಸುಮ್ಮನಾಗಬೇಡಿ, ಅರ್ಜಿ ಬರೆದು ಕೊಡಿ.

ನಾನು ಗುತ್ತಿಗೆ ಕೆಲಸದವನು. ಗ್ಯಾಸ್ ಮೀಟರ್ ಇಲ್ಲ, ಹಗ್ಗ ಇಲ್ಲ, ಆದರೂ ಇಳಿ ಅನ್ನುತ್ತಾರೆ. ಇಲ್ಲ ಅಂದರೆ ಕೆಲಸ ಹೋಗುತ್ತದೆ.

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಸಲಕರಣೆ ಕೊಡುವುದು ಕೆಲಸ ಮಾಡಿಸುವವರ ಜವಾಬ್ದಾರಿ, ನಿಮ್ಮ ಕೂಲಿಯಿಂದ ಕೊಳ್ಳಬೇಕಾದ್ದಲ್ಲ. ಯುಜಿಡಿ ಗುಂಡಿ, ಶೌಚಗುಂಡಿಗಳಿಗೆ ಸಲಕರಣೆ ಇಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಂತೆ ಅಪರಾಧ. ಒಬ್ಬರೇ ಇಲ್ಲ ಅಂದರೆ ಕೆಲಸಕ್ಕೆ ಕುತ್ತು ಅನ್ನುವುದು ನಿಜ, ಹಾಗಾಗಿ ಗ್ಯಾಂಗಿನವರೆಲ್ಲ ಒಟ್ಟಿಗೆ ಹೇಳಿ. ‘ಇಳಿಯಲ್ಲ’ ಅನ್ನುವ ಬದಲು ‘ಸಾರ್, ಮೀಟರ್, ಬ್ಲೋವರ್ ತರಿಸಿ, ಬಂದ ಕೂಡಲೇ ಇಳಿಯುತ್ತೇವೆ’ ಅನ್ನಿ, ಅದೇ ಮಾತನ್ನು ವಾಟ್ಸಾಪಿನಲ್ಲೂ ಎಂಜಿನಿಯರ್‌ಗೆ ಕಳಿಸಿ. ಈಗ ಓದುತ್ತಿರುವವರು ಎಂಜಿನಿಯರ್ ಆಗಿದ್ದರೆ ಅಂಥ ಮೆಸೇಜ್ ಬರುವವರೆಗೆ ಕಾಯಬೇಡಿ. ಈ ವರ್ಷದ ಖರೀದಿ ಪಟ್ಟಿಗೆ ಗ್ಯಾಸ್ ಮೀಟರ್, ಬ್ಲೋವರ್, ಬೆಲ್ಟು, ಹಗ್ಗ, ಹಲಗೆ ಆಧಾರ ಸೇರಿಸಿ, ಪಂಪು ಪೈಪಿನ ಮೊದಲು ಇವುಗಳ ಬಿಲ್ ಪಾಸ್ ಮಾಡಿಸಿ.